ಗ್ಯಾರೇಜಿನಲ್ಲಿ ಕಟ್ಟಿದ ಟರ್ಬೊ ಕಾರು: ಪದೇ ಪದೇ ಕೇಳುವ ಪ್ರಶ್ನೆಗಳು

ಮಿಷಿಗನ್‌ನಲ್ಲಿರುವ ನಮ್ಮ ಮನೆಯ ಗ್ಯಾರೇಜಿನಲ್ಲಿ ಮೂರು ಚಳಿಗಾಲ ಕೂತು ನಾನೊಂದು ಕಾರು ಕಟ್ಟಿದೆ. ಫ್ಯಾಕ್ಟರಿ ಫೈವ್ ಕಂಪನಿಯ 818 ಎಂಬ ಕಿಟ್, ಅದರೊಳಗೆ ಸುಬಾರು ಟರ್ಬೊ ಎಂಜಿನ್, ಅಂದರೆ ಎಕ್ಸಾಸ್ಟಿನ ರಭಸಕ್ಕೆ ತಿರುಗುವ ಪಂಪೊಂದು ಗಾಳಿಯನ್ನು ಒತ್ತಿ ತುಂಬುವಂಥದ್ದು. ಯುಗಾದಿ ಊಟದ ಪಂಕ್ತಿಯಲ್ಲಿ, ಪೆಟ್ರೋಲ್ ಬಂಕಿನಲ್ಲಿ, ಊರಿನಿಂದ ಬರುವ ವಿಡಿಯೊ ಕರೆಯಲ್ಲಿ ಜನ ಕೇಳುವುದು ಹೆಚ್ಚುಕಮ್ಮಿ ಇವೇ ಪ್ರಶ್ನೆಗಳನ್ನು. ನನ್ನ ಉತ್ತರಗಳು ಎಲ್ಲಿ ಶುರುವಾದರೂ ಬಿಸಿ, ನೀರು, ಗಾಳಿಯ ಕಡೆಗೇ ಹೊರಳುತ್ತವೆ. ನನ್ನ ಮೂರು ಚಳಿಗಾಲಗಳಲ್ಲಿ ಒಂದು ಪೂರ್ತಿಯಾಗಿ ಅದಕ್ಕೇ ಹೋಗಿದೆ.

ಕಿಟ್ ಕಾರು ಅಂದರೆ ಏನು? ಡಬ್ಬ ಬಿಚ್ಚಿ ಬೋಲ್ಟ್ ಬಿಗಿದರೆ ಆಯಿತಲ್ಲ?

ಹಾಗಂದುಕೊಂಡೇ ನಾನೂ ಇಳಿದದ್ದು. ಕಿಟ್‌ನಲ್ಲಿ ಬರುವುದು ಉಕ್ಕಿನ ಕೊಳವೆಗಳ ಚೌಕಟ್ಟು, ಹೊರಮೈ ಹಲಗೆಗಳು, ಸಸ್ಪೆನ್ಷನ್ನಿನ ಕೆಲವು ಭಾಗಗಳು, ಒಂದಿಷ್ಟು ಸಣ್ಣಪುಟ್ಟ ಸಾಮಾನು. ಎಂಜಿನ್, ಗೇರ್‌ಬಾಕ್ಸ್, ಬ್ರೇಕು, ಸ್ಟೀರಿಂಗು, ವೈರಿಂಗು ಎಲ್ಲ ಒಂದು ಹಳೆಯ ಕಾರಿನಿಂದ ಬರಬೇಕು. ಆ ಕಾರಿಗೆ ಇಲ್ಲಿ ‘ಡೋನರ್’ ಅನ್ನುತ್ತಾರೆ. 818ಕ್ಕೆ 2002ರಿಂದ 2007ರವರೆಗಿನ ಸುಬಾರು ಇಂಪ್ರೆಜಾ ಡೋನರ್. ಟರ್ಬೊ ಬೇಕಿದ್ದರೆ ಅದರ ಟರ್ಬೊ ಮಾದರಿಯಾದ ಡಬ್ಲ್ಯುಆರ್‌ಎಕ್ಸ್.

ಫ್ಯಾಕ್ಟರಿ ಫೈವ್ 1995ರಲ್ಲಿ ಶುರುವಾದ ಕಂಪನಿ, ಮ್ಯಾಸಚೂಸೆಟ್ಸ್‌ನ ವೇರ್‌ಹ್ಯಾಮ್ ಊರಿನದು. 818ರ ಹೆಸರೇ ಅದರ ಗುರಿ: 818 ಕೆ.ಜಿ. ತೂಕ, ಇಲ್ಲಿನ ಲೆಕ್ಕದಲ್ಲಿ 1,800 ಪೌಂಡ್. ಸುಮಾರು 1,400 ಕೆ.ಜಿ. ತೂಗುವ ಡಬ್ಲ್ಯುಆರ್‌ಎಕ್ಸ್‌ನ ಕರುಳನ್ನೆಲ್ಲ ತೆಗೆದು ಇಷ್ಟು ಹಗುರ ಮೈಯಲ್ಲಿ ಕೂರಿಸಿದರೆ, ಎಂಜಿನ್ನಿಗೆ ಏನೂ ಮಾಡದೆಯೇ ಕಾರು ಹಾರುತ್ತದೆ. ನನ್ನದು 818ಕ್ಕಿಂತ ಭಾರವಾಗಿಯೇ ಬಂತು. ಹೀಟರ್, ದಪ್ಪ ಸೀಟು, ನಾನು ಆಮೇಲೆ ಹಾಕಿದ ಪೈಪುಗಳು, ಒಂದೊಂದೂ ತನ್ನ ಪಾಲು ಸೇರಿಸಿತು.

ಕಿಟ್ಟನ್ನು ನಾನು ಹೊಸದಾಗಿ ಕೊಂಡವನಲ್ಲ. ಯಾರೋ ಅರ್ಧ ಕಟ್ಟಿ ಕೈಚೆಲ್ಲಿದ್ದನ್ನು ಎತ್ತಿಕೊಂಡು ಬಂದೆ. ಅಗ್ಗವಾಗಿ ಸಿಗುತ್ತದೆ ನಿಜ, ಆದರೆ ಇನ್ನೊಬ್ಬರು ಬಿಗಿದ ಪ್ರತಿ ಬೋಲ್ಟನ್ನೂ ನೀವು ಮತ್ತೆ ಬಿಚ್ಚಿ ಬಿಗಿಯಬೇಕು.

ಸುಬಾರುವಿನಲ್ಲಿ ಎಂಜಿನ್ ಮುಂದೆ ಇರುತ್ತದೆ. ನಿಮ್ಮದರಲ್ಲಿ ಬೆನ್ನ ಹಿಂದೆ ಹೇಗೆ ಬಂತು?

ಈ ಕಾರಿನ ಜಾಣತನವೆಲ್ಲ ಇಲ್ಲೇ ಇದೆ. ಇಂಪ್ರೆಜಾದಲ್ಲಿ ಎಂಜಿನ್ ಮುಂದಿನ ಚಕ್ರಗಳ ಅಚ್ಚಿಗಿಂತ ಮುಂದೆ, ಗೇರ್‌ಬಾಕ್ಸ್ ಅಚ್ಚಿನ ಹಿಂದೆ. ಈ ಜೋಡಿಯನ್ನು ತಿರುಗಿಸದೆ, ಇದ್ದ ಹಾಗೇ ಹಿಂದಕ್ಕೆ ಜರುಗಿಸಿ ಹಿಂದಿನ ಚಕ್ರಗಳ ಮೇಲೆ ಕೂರಿಸಿದರೆ ಎಂಜಿನ್ ತಾನಾಗಿಯೇ ಎರಡೂ ಅಚ್ಚುಗಳ ನಡುವೆ, ಚಾಲಕನ ಬೆನ್ನಿಗೆ ಬಂದು ನಿಲ್ಲುತ್ತದೆ. ಮೊದಲು ಮುಂಚಕ್ರ ತಿರುಗಿಸುತ್ತಿದ್ದ ಅಚ್ಚುದಂಡಗಳು ಈಗ ಹಿಂಚಕ್ರ ತಿರುಗಿಸುತ್ತವೆ. ನಾಲ್ಕೂ ಚಕ್ರಗಳಿಗೆ ಶಕ್ತಿ ಹಂಚುತ್ತಿದ್ದ ಮಧ್ಯದ ಡಿಫರೆನ್ಷಿಯಲ್ಲನ್ನು ಲಾಕ್ ಮಾಡಿ, ಗೇರ್‌ಬಾಕ್ಸಿನ ಬಾಲ ಮುಚ್ಚಬೇಕು.

ಇದರಿಂದ ಹುಟ್ಟುವ ತಲೆನೋವೂ ಒಂದೇ: ಎಂಜಿನ್ ಹಿಂದೆ ಹೋಯಿತು, ರೇಡಿಯೇಟರ್ ಮೂಗಿನಲ್ಲೇ ಉಳಿಯಿತು.

ಮನೆಯಲ್ಲಿ ಏನೇನು ಬೇಕು?

ಎರಡು ಕಾರು ನಿಲ್ಲುವ ಜಾಗ, ಅದರಲ್ಲಿ ಒಂದು ನಿಮ್ಮದಲ್ಲ ಎಂದು ಮನೆಯವರು ಒಪ್ಪಿರಬೇಕು. ಎಂಜಿನ್ ಎತ್ತುವ ಹಾಯ್ಸ್ಟು (ಬಾಡಿಗೆಗೆ ಸಿಗುತ್ತದೆ), ಗಟ್ಟಿ ಜ್ಯಾಕ್ ಸ್ಟ್ಯಾಂಡುಗಳು, ಟಾರ್ಕ್ ರೆಂಚು, ಪಾಪ್ ರಿವೆಟ್ ಗನ್ನು, ಮಲ್ಟಿಮೀಟರು. ವೆಲ್ಡಿಂಗ್ ಬಾರದಿದ್ದರೂ ನಡೆಯುತ್ತದೆ. ನನಗೆ ಬರುವುದಿಲ್ಲ, ಅಲ್ಯೂಮಿನಿಯಂ ಪೈಪುಗಳನ್ನು ಬೆಸೆಯುವವರ ಹತ್ತಿರ ಒಯ್ದು ಮಾಡಿಸಿಕೊಂಡು ಬಂದೆ. ಡೋನರ್ ಕಾರು ಬಿಚ್ಚುವಾಗ ಮೊದಲು ಬ್ಯಾಟರಿ ಕಳಚಿ, ಸ್ವಲ್ಪ ಹೊತ್ತು ಬಿಟ್ಟು ಆಮೇಲೆ ಏರ್‌ಬ್ಯಾಗಿಗೆ ಕೈಹಾಕಿ. ಅದರೊಳಗೆ ಇರುವುದು ಪಟಾಕಿ ಮದ್ದಿನ ದೊಡ್ಡಣ್ಣ.

ಎಂಜಿನ್ ಹೊರಗಿರುವಾಗಲೇ ಟೈಮಿಂಗ್ ಬೆಲ್ಟು (ವಾಲ್ವುಗಳನ್ನು ಹೊತ್ತಿಗೆ ಸರಿಯಾಗಿ ತೆರೆಸುವ ಪಟ್ಟಿ), ನೀರಿನ ಪಂಪು, ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾಗುವ ತನಕ ರೇಡಿಯೇಟರಿನ ನೀರನ್ನು ತಡೆಯುವ ಬಾಗಿಲು) ಮೂರನ್ನೂ ಹೊಸದು ಹಾಕಿಬಿಡಿ. ಈ ಎಂಜಿನ್ನಿನಲ್ಲಿ ಪಂಪನ್ನು ತಿರುಗಿಸುವುದೂ ಟೈಮಿಂಗ್ ಬೆಲ್ಟೇ. ಬೆಲ್ಟು ಹರಿದರೆ ವಾಲ್ವು ಪಿಸ್ಟನ್ನಿಗೆ ಬಡಿಯುತ್ತದೆ.

ಸುಬಾರುವಿನ ತಂಪು ವ್ಯವಸ್ಥೆಯನ್ನೇ ತೆಗೆದು ಹಾಕಿದರೆ ಆಗಲ್ಲವೇ? ಬೇರೆ ಯಾಕೆ ಮಾಡಬೇಕು?

ಮೂಲ ಕಾರಿನಲ್ಲಿ ರೇಡಿಯೇಟರಿಗೂ ಎಂಜಿನ್ನಿಗೂ ಒಂದು ಮೊಳ ರಬ್ಬರ್ ಹೋಸಿನ ದೂರ. ನನ್ನ ಕಾರಿನಲ್ಲಿ ನೀರು ಹೋಗಲು ಎರಡೂವರೆ ಮೀಟರ್, ಬರಲು ಎರಡೂವರೆ ಮೀಟರ್. ಒಳವ್ಯಾಸ 32 ಮಿ.ಮೀ. ಇರುವ 5 ಮೀಟರ್ ಪೈಪಿನಲ್ಲೇ 4 ಲೀಟರ್ ಕೂಲಂಟ್ (ನೀರು ಮತ್ತು ಹೆಪ್ಪುಗಟ್ಟದಂತೆ ತಡೆಯುವ ಆಂಟಿಫ್ರೀಜ್ ಸೇರಿದ ಮಿಶ್ರಣ) ಕೂತುಕೊಳ್ಳುತ್ತದೆ. ಮೂಲ ಕಾರಿನ ಇಡೀ ವ್ಯವಸ್ಥೆಯೇ 8 ಲೀಟರಿನ ಒಳಗಿತ್ತು. ನೀರು ಹೆಚ್ಚಾದರೆ ಬಿಸಿಯಾದಾಗ ಉಬ್ಬುವುದೂ ಹೆಚ್ಚು: 12 ಲೀಟರ್ ಮಿಶ್ರಣ ಅರ್ಧ ಲೀಟರಿಗಿಂತ ಜಾಸ್ತಿ ಉಬ್ಬುತ್ತದೆ. ಹಳೆಯ ಪುಟ್ಟ ಬಾಟಲಿಯಲ್ಲಿ ಅದಕ್ಕೆ ಜಾಗವಿಲ್ಲ, ಉಕ್ಕಿ ರಸ್ತೆಗೆ ಹೋಗುತ್ತದೆ. ತಣಿದಾಗ ವಾಪಸ್ ಎಳೆದುಕೊಳ್ಳಲು ನೀರಿಲ್ಲದೆ ಗಾಳಿ ಎಳೆದುಕೊಳ್ಳುತ್ತದೆ. ಮಾರನೇ ದಿನ ಎಂಜಿನ್ ಕಾದಾಗ ಕಾರಣ ಗೊತ್ತಾಗದೆ ನೀವು ರೇಡಿಯೇಟರನ್ನು ಬೈಯುತ್ತೀರಿ.

ಇನ್ನು ಬಿಸಿಯ ಲೆಕ್ಕ. 2 ಲೀಟರಿನ ಡಬ್ಲ್ಯುಆರ್‌ಎಕ್ಸ್ ಎಂಜಿನ್ ಅಮೆರಿಕದಲ್ಲಿ 227 ಅಶ್ವಶಕ್ತಿಯದು, ಅಂದರೆ ಸುಮಾರು 170 ಕಿಲೋವಾಟ್. ಪೆಟ್ರೋಲಿನ ಶಕ್ತಿಯಲ್ಲಿ ಸ್ಥೂಲವಾಗಿ ಮೂರನೇ ಒಂದು ಪಾಲು ಚಕ್ರಕ್ಕೆ, ಇನ್ನೊಂದು ಪಾಲು ಎಕ್ಸಾಸ್ಟಿಗೆ, ಉಳಿದದ್ದರಲ್ಲಿ ಬಹುಭಾಗ ನೀರಿಗೆ. ಪೂರ್ತಿ ತುಳಿದಾಗ ನೀರಿಗೆ ಬೀಳುವ ಬಿಸಿ 100 ಕಿಲೋವಾಟಿನ ಆಸುಪಾಸು. ನಮ್ಮ ಬಚ್ಚಲಿನ 2 ಕಿಲೋವಾಟ್ ಗೀಸರುಗಳು ಐವತ್ತು ಒಟ್ಟಿಗೆ ಉರಿದಂತೆ. ಹೆದ್ದಾರಿಯಲ್ಲಿ ಸುಮ್ಮನೆ ಹೋಗುವಾಗ ಇದರ ಐದರಲ್ಲೊಂದು ಪಾಲೂ ಇರುವುದಿಲ್ಲ. ಊರೊಳಗೆ ಓಡಿಸಿ ‘ನನ್ನದು ಬಿಸಿಯಾಗಲ್ಲ’ ಎನ್ನುವವರು ಟ್ರ್ಯಾಕಿನ ನಾಲ್ಕನೇ ಸುತ್ತಿನಲ್ಲಿ ಬಾನೆಟ್ ಎತ್ತಿ ನಿಲ್ಲುವುದು ಅದಕ್ಕೇ.

ಎಷ್ಟು ದೊಡ್ಡ ರೇಡಿಯೇಟರ್ ಹಾಕಿದಿರಿ?

ಎಲ್ಲರೂ ಮೊದಲು ಕೇಳುವುದು ಇದನ್ನೇ. ಕೊನೆಗೆ ಕೇಳಬೇಕಾದ ಪ್ರಶ್ನೆಯನ್ನು ಮೊದಲೇ ಕೇಳಬಾರದು. ಗಾಳಿ ಎಲ್ಲಿಂದ ಒಳಗೆ ಬರುತ್ತದೆ, ಬಂದದ್ದು ಎಲ್ಲಿಂದ ಹೊರಗೆ ಹೋಗುತ್ತದೆ ಎಂದು ಮೊದಲು ಕೇಳಿ.

ಮಲೆನಾಡಿನ ಹಳೆಯ ಅಡುಗೆಮನೆ ನೆನಪಿಸಿಕೊಳ್ಳಿ. ಬಾಗಿಲು ಎಷ್ಟೇ ಅಗಲ ತೆರೆದಿದ್ದರೂ ಮೇಲೆ ಹೊಗೆಗಂಡಿ ಇಲ್ಲದಿದ್ದರೆ ಒಳಗಿದ್ದವರ ಕಣ್ಣಲ್ಲಿ ನೀರು. ಕಾರಿನ ಮೂಗೂ ಹಾಗೆಯೇ. ಗಾಳಿ ನುಗ್ಗಲು ಬಾಯಿ ದೊಡ್ಡದಿದ್ದು, ರೇಡಿಯೇಟರಿನ ಹಿಂದೆ ಹೊರದಾರಿ ಇಲ್ಲದಿದ್ದರೆ ಅಲ್ಲೂ ಒತ್ತಡ ಕಟ್ಟುತ್ತದೆ. ಮುಂದೆಯೂ ಒತ್ತಡ, ಹಿಂದೆಯೂ ಒತ್ತಡ; ನಡುವೆ ಗಾಳಿ ಯಾಕೆ ಹರಿದೀತು?

ಆ ಒತ್ತಡವಾದರೂ ಎಷ್ಟು? ಗಂಟೆಗೆ 100 ಕಿ.ಮೀ. ವೇಗದಲ್ಲಿ ಎದುರಿನ ಗಾಳಿಯನ್ನು ಪೂರ್ತಿ ತಡೆದು ನಿಲ್ಲಿಸಿದರೆ ಸಿಗುವುದು ಸುಮಾರು 460 ಪ್ಯಾಸ್ಕಲ್. ನೀರಿನ ಎತ್ತರದಲ್ಲಿ ಹೇಳಿದರೆ 47 ಮಿ.ಮೀ., ಎರಡು ಇಂಚಿಗೂ ಕಡಿಮೆ. 50 ಕಿ.ಮೀ.ಗೆ ಇಳಿದರೆ ಅದರ ಕಾಲು ಭಾಗ, 12 ಮಿ.ಮೀ. ಬಂಡವಾಳ ಇಷ್ಟೇ. ರೇಡಿಯೇಟರಿನ ಸುತ್ತ ಬೆರಳಗಲ ಸಂದು ಬಿಟ್ಟರೂ ಗಾಳಿ ಕಷ್ಟದ ಜಾಲರಿ ಬಿಟ್ಟು ಆ ಸಂದಿನಲ್ಲೇ ನುಸುಳುತ್ತದೆ.

ಇದನ್ನು ಅಳೆಯಲು ದುಡ್ಡು ಬೇಡ. ಪಾರದರ್ಶಕ ಪ್ಲಾಸ್ಟಿಕ್ ಟ್ಯೂಬನ್ನು ‘ಯು’ ಆಕಾರದಲ್ಲಿ ಬಗ್ಗಿಸಿ ಹಲಗೆಗೆ ಕಟ್ಟಿ, ಅರ್ಧ ನೀರು ತುಂಬಿ. ಕಾಣಲೆಂದು ನಾನು ಚಿಟಿಕೆ ಕುಂಕುಮ ಕಲಸಿದೆ. ಒಂದು ತುದಿ ರೇಡಿಯೇಟರಿನ ಮುಂದೆ, ಇನ್ನೊಂದು ಹಿಂದೆ. ಪಕ್ಕದ ಸೀಟಿನಲ್ಲಿ ಮಗಳು, ಅವಳ ಕೈಯಲ್ಲಿ ಸ್ಕೇಲು. ಖಾಲಿ ಹೆದ್ದಾರಿಯಲ್ಲಿ ಹೋದಾಗ ಅವಳು ಓದಿದ್ದು 14 ಮಿ.ಮೀ. ನನಗೆ ಸಿಕ್ಕ ಅರೆಬರೆ ಕಾರಿನಲ್ಲಿ ರೇಡಿಯೇಟರಿನ ಹಿಂದಿನ ಗಾಳಿಗೆ ದಾರಿಯನ್ನೇ ಕತ್ತರಿಸಿರಲಿಲ್ಲ. ಬಣ್ಣ ಹಾಳಾಗುತ್ತದೆಂದು ನಾನೂ ಮುಟ್ಟಿರಲಿಲ್ಲ. ಆಮೇಲೆ ಎದೆ ಗಟ್ಟಿ ಮಾಡಿ ಬಾನೆಟ್ ಕೊರೆದೆ, ಬಾಯಿಯಿಂದ ರೇಡಿಯೇಟರ್‌ವರೆಗೆ ಅಲ್ಯೂಮಿನಿಯಂ ತಗಡಿನ ಪೆಟ್ಟಿಗೆ ಮಾಡಿ ಅಂಚಿಗೆಲ್ಲ ಫೋಮ್ ಪಟ್ಟಿ ಒತ್ತಿದೆ. ಅದೇ ರಸ್ತೆ, ಅದೇ ವೇಗ, ಅದೇ ಮಗಳು: 31 ಮಿ.ಮೀ. ರೇಡಿಯೇಟರ್ ಬದಲಾಗಿರಲಿಲ್ಲ.

ಕೊರೆಯುವ ಮುಂಚೆ ಎರಡು ಮಾತು. ಹೊರದಾರಿ ಎಲ್ಲೆಂದರಲ್ಲಿ ಬೇಡ. ವಿಂಡ್‌ಶೀಲ್ಡಿನ ಬುಡದಲ್ಲಿ ಗಾಳಿ ಬಡಿದು ಒತ್ತಡ ಏರಿರುತ್ತದೆ, ಅಲ್ಲಿ ಕಂಡಿ ಮಾಡಿದರೆ ಗಾಳಿ ವಾಪಸ್ ಒಳಗೆ ಬರುತ್ತದೆ. ಮೂಗಿನ ಇಳಿಜಾರು ಮುಗಿದು ಬಾನೆಟ್ ಬಾಗುವಲ್ಲಿ ಒತ್ತಡ ಕಡಿಮೆ. ಉಲ್ಲನ್ ದಾರದ ತುಂಡುಗಳನ್ನು ಟೇಪಿನಲ್ಲಿ ಅಂಟಿಸಿ ಓಡಿಸಿ, ಗೆಳೆಯರೊಬ್ಬರು ಪಕ್ಕದ ಕಾರಿನಿಂದ ವಿಡಿಯೊ ಮಾಡಲಿ. ದಾರಗಳೇ ಜಾಗ ತೋರಿಸುತ್ತವೆ. ಎರಡನೆಯದು, ಬಾಯಿ ರೇಡಿಯೇಟರಿನಷ್ಟೇ ದೊಡ್ಡದಿರಬೇಕಿಲ್ಲ. ಅದರ ಮುಖದ ಕಾಲರಿಂದ ಮೂರನೇ ಒಂದು ಭಾಗದಷ್ಟಿದ್ದು, ಒಳಗೆ ನಿಧಾನವಾಗಿ ಅಗಲವಾಗುತ್ತಾ ಹೋದರೆ ಸಾಕು.

ಅಂದಹಾಗೆ ನನ್ನ ರೇಡಿಯೇಟರ್ ಎರಡು ಸಾಲು ಕೊಳವೆಗಳ ಅಲ್ಯೂಮಿನಿಯಂದು. ಮೂರು ಸಾಲಿನದ್ದು ಕೊಳ್ಳಲು ಹೊರಟಿದ್ದೆ. ದಪ್ಪವಾದಷ್ಟೂ ಗಾಳಿ ತೂರುವುದು ಕಷ್ಟ ಎಂದು ಗೊತ್ತಾದ ಮೇಲೆ ಆ ದುಡ್ಡಿನಲ್ಲಿ ಟೈರು ಬಂತು.

ನೀರೆಲ್ಲ ತುಂಬಿದೆ, ಆದರೂ ಕಾಯುತ್ತದೆ. ಯಾಕೆ?

ಒಳಗೆ ಗಾಳಿ ಸಿಕ್ಕಿಹಾಕಿಕೊಂಡಿದೆ. ಉದ್ದ ಪೈಪಿನ ಕಾರುಗಳ ಶಾಪ ಇದು. ನೀರು ಕೆಳಗಿನಿಂದ ಹೋಗಿ ಮೂಗಿನಲ್ಲಿ ಏರುತ್ತದೆ, ಮತ್ತೆ ಇಳಿದು ಹಿಂದೆ ಏರುತ್ತದೆ. ಎಲ್ಲೆಲ್ಲಿ ಏರಿ ಇಳಿಯುತ್ತದೋ ಆ ಗುಡ್ಡದ ತುದಿಯಲ್ಲೆಲ್ಲ ಒಂದು ಗುಳ್ಳೆ ಮನೆ ಮಾಡಿಕೊಳ್ಳುತ್ತದೆ. ಸಿಲಿಂಡರ್ ಹೆಡ್ಡಿನ ಪಕ್ಕ ಗುಳ್ಳೆ ನಿಂತರೆ ಅಲ್ಲಿ ಲೋಹ ವಿಪರೀತ ಕಾಯುತ್ತಿದ್ದರೂ, ನೀರಿನಲ್ಲಿ ಮುಳುಗಿಲ್ಲದ ಸೆನ್ಸರ್ ‘ಎಲ್ಲ ಸರಿ’ ಅನ್ನುತ್ತದೆ.

ಮದ್ದು ಮೂರು. ಇಡೀ ವ್ಯವಸ್ಥೆಯಲ್ಲಿ ಒಂದು ತೊಟ್ಟಿ ಎಲ್ಲಕ್ಕಿಂತ ಎತ್ತರದಲ್ಲಿರಬೇಕು, ಒತ್ತಡದ ಮುಚ್ಚಳ ಅದರ ಮೇಲಿರಬೇಕು. ಸುಬಾರು ಟರ್ಬೊಗಳಲ್ಲಿ ಎಂಜಿನ್ ಮೇಲೆ ಒಂದು ಪುಟ್ಟ ತೊಟ್ಟಿ ಮೊದಲೇ ಇರುತ್ತದೆ. ನಾನು ಅದನ್ನು ಬಿಟ್ಟು ದೊಡ್ಡದು ಹಾಕಿದೆ. ರೇಡಿಯೇಟರಿನ ಮೇಲಿನ ಮೂಲೆಯಿಂದ ಆ ತೊಟ್ಟಿಗೆ 6 ಮಿ.ಮೀ.ನ ಸಣ್ಣ ಕೊಳವೆ ಎಳೆಯಿರಿ. ಎಂಜಿನ್ ಓಡುವಷ್ಟು ಹೊತ್ತೂ ಗುಳ್ಳೆಗಳು ಅದರಲ್ಲಿ ತೊಟ್ಟಿಗೆ ಹೋಗಿ ಸೇರುತ್ತವೆ. ಮೂರನೆಯದು ನಿರ್ವಾತ ಹಾಕಿ ತುಂಬಿಸುವ ಉಪಕರಣ: ಕಂಪ್ರೆಸರಿಗೆ ಜೋಡಿಸಿದರೆ ಮೊದಲು ಒಳಗಿನ ಗಾಳಿ ಹೀರುತ್ತದೆ, ಆಮೇಲೆ ಕೂಲಂಟ್ ತಾನೇ ಒಳಗೆ ನುಗ್ಗುತ್ತದೆ. ಇದು ಬರುವವರೆಗೆ ನಾನು ಕಾರಿನ ಮೂಗೆತ್ತಿ, ಹಿಂಭಾಗ ಎತ್ತಿ, ಹೋಸು ಹಿಚುಕಿ ಎರಡು ಭಾನುವಾರ ಕಳೆದಿದ್ದೆ. ಉಪಕರಣ ಹತ್ತು ನಿಮಿಷದಲ್ಲಿ ಮುಗಿಸಿತು. ಎಲ್ಲಾದರೂ ಸೋರಿಕೆ ಇದ್ದರೆ ಅದರ ಮೀಟರಿನ ಮುಳ್ಳು ನಿಲ್ಲದೆ ಇಳಿಯುತ್ತದೆ, ತುಂಬುವ ಮೊದಲೇ ಗೊತ್ತಾಗುತ್ತದೆ.

ಥರ್ಮೋಸ್ಟಾಟ್ ತೆಗೆದುಬಿಟ್ಟರೆ ಎಂಜಿನ್ ತಂಪಾಗಿರುತ್ತದಂತೆ?

ನಮ್ಮೂರ ಮೆಕ್ಯಾನಿಕ್ಕುಗಳು ಅಂಬಾಸಿಡರ್ ಕಾಲದಿಂದ ಹೇಳಿಕೊಂಡು ಬಂದ ಮಾತು. ಬೇಡ. ತಣ್ಣಗಿನ ಎಂಜಿನ್ ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ಎಣ್ಣೆಯಲ್ಲಿ ತೇವ ಉಳಿಯುತ್ತದೆ, ಸವೆತ ಹೆಚ್ಚು.

ಸುಬಾರುವಿನಲ್ಲಿ ಇನ್ನೊಂದು ಸೂಕ್ಷ್ಮವಿದೆ. ಬಹಳ ಕಾರುಗಳಲ್ಲಿ ಬಿಸಿನೀರು ಹೊರಹೋಗುವ ಬಾಗಿಲಲ್ಲಿ ಇರುವ ಥರ್ಮೋಸ್ಟಾಟ್, ಇದರಲ್ಲಿ ರೇಡಿಯೇಟರಿನಿಂದ ನೀರು ಒಳಬರುವ ಬಾಗಿಲಲ್ಲಿದೆ, ಪಂಪಿನ ಕೆಳಗೆ. ತೆರೆಯಬೇಕೆಂದು ಅದಕ್ಕೆ ತಿಳಿಯುವುದು ಹೀಟರಿನ ಸುತ್ತು ಹಾಕಿ ಬರುವ ಬಿಸಿನೀರಿನಿಂದ. ‘ಸ್ಪೋರ್ಟ್ಸ್ ಕಾರಿಗೆ ಹೀಟರ್ ಯಾಕೆ’ ಎಂದು ಹೀಟರಿಗೆ ನೀರು ಹೋಗುವ, ಬರುವ ಎರಡು ಮೂತಿಗಳಿಗೆ ಬಿರಡೆ ಜಡಿದವರ ಎಂಜಿನ್ ಒಳಗೆ ಕುದಿಯುತ್ತಿದ್ದರೂ ಥರ್ಮೋಸ್ಟಾಟ್ ನಿದ್ದೆ ಮಾಡುತ್ತಿರುತ್ತದೆ. ಹೀಟರ್ ಬೇಡವಾದರೆ ಎರಡೂ ಮೂತಿಗಳನ್ನು ಒಂದು ಹೋಸಿನಿಂದ ಸೇರಿಸಿ, ಮುಚ್ಚಬೇಡಿ.

ಬರೀ ನೀರು ಹಾಕಿದರೆ?

ಬಿಸಿ ಹೊರುವುದರಲ್ಲಿ ನೀರನ್ನು ಮೀರಿಸಿದ್ದು ಇಲ್ಲ, ನಿಜ. ಟ್ರ್ಯಾಕಿನಲ್ಲಿ ಕೆಲವರು ನೀರಿಗೆ ತುಕ್ಕು ತಡೆಯುವ ರಾಸಾಯನಿಕ ಮಾತ್ರ ಬೆರೆಸುತ್ತಾರೆ. ಆಂಟಿಫ್ರೀಜ್ ಚೆಲ್ಲಿದರೆ ರಸ್ತೆ ಎಣ್ಣೆ ಸವರಿದಂತೆ ಜಾರುತ್ತದೆ ಎಂಬುದೂ ಒಂದು ಕಾರಣ. ಆದರೆ ಮಿಷಿಗನ್‌ನ ಜನವರಿಯಲ್ಲಿ ನೀರು ಹೆಪ್ಪುಗಟ್ಟಿ ಬ್ಲಾಕನ್ನೇ ಸೀಳುತ್ತದೆ. ಅರ್ಧಕ್ಕರ್ಧ ಮಿಶ್ರಣ ಮೈನಸ್ 37 ಡಿಗ್ರಿಯ ತನಕ ತಡೆಯುತ್ತದೆ. ನಲ್ಲಿ ನೀರು ಬೇಡ, ಡಿಸ್ಟಿಲ್ಡ್ ಇರಲಿ. ಹಸಿರು, ನೀಲಿ, ಕಿತ್ತಳೆ ಎಂಬ ಬಣ್ಣಕ್ಕೆ ಯಾವ ನಿಯಮವೂ ಇಲ್ಲ, ಬಣ್ಣ ನೋಡಿ ಕಲಸಬೇಡಿ. ಡಬ್ಬಿಯ ಮೇಲೆ ಬರೆದದ್ದನ್ನು ಓದಿ.

ಮುಚ್ಚಳ 1.1 ಬಾರ್‌ನದು. ಆ ಒತ್ತಡದಲ್ಲಿ ಬರೀ ನೀರೂ 120 ಡಿಗ್ರಿ ದಾಟಿದ ಮೇಲೆಯೇ ಕುದಿಯುವುದು. ಅದಕ್ಕೇ ಬಿಸಿ ಎಂಜಿನ್ನಿನ ಮುಚ್ಚಳ ತೆಗೆಯಬಾರದು. ಒತ್ತಡ ಬಿಟ್ಟ ಕ್ಷಣ 110 ಡಿಗ್ರಿಯ ನೀರು ಹಬೆಯಾಗಿ ಮುಖಕ್ಕೇ ಬರುತ್ತದೆ.

ಇಂಟರ್‌ಕೂಲರ್ ಯಾವುದು? ಗಾಳಿಯದೋ ನೀರಿನದೋ?

ಸೈಕಲ್ ಪಂಪು ಹೊಡೆಯುವಾಗ ಅದರ ತುದಿ ಬಿಸಿಯಾಗುತ್ತದಲ್ಲ, ಟರ್ಬೊದಲ್ಲೂ ಅದೇ ಆಗುವುದು. 25 ಡಿಗ್ರಿಯ ಗಾಳಿಯನ್ನು 1 ಬಾರ್ ಬೂಸ್ಟಿಗೆ (ಹೊರಗಿನ ಗಾಳಿಗಿಂತ 1 ಬಾರ್ ಹೆಚ್ಚಿನ ಒತ್ತಡಕ್ಕೆ) ಒತ್ತಿದರೆ, ಕಂಪ್ರೆಸರಿನ ದಕ್ಷತೆ ಶೇ. 70 ಎಂದು ಹಿಡಿದರೂ ಹೊರಬರುವಾಗ ಅದು 118 ಡಿಗ್ರಿ. ಇಷ್ಟು ಬಿಸಿ ಗಾಳಿ ಸಿಲಿಂಡರಿಗೆ ಹೋದರೆ, ಕಿಡಿ ಹೊತ್ತಿಸಿದ ಜ್ವಾಲೆ ಬಂದು ಮುಟ್ಟುವ ತನಕ ಕಾಯದೆ ಮೂಲೆಯಲ್ಲಿ ಉಳಿದ ಪೆಟ್ರೋಲ್ ತಾನೇ ಸಿಡಿಯುತ್ತದೆ. ನಾಕ್ ಅನ್ನುವುದು ಅದಕ್ಕೇ. ಪಿಸ್ಟನ್ನಿನಲ್ಲಿ ರಿಂಗು ಕೂರುವ ಅಂಚು ಮುರಿಯಲು ಅದು ಸಾಕು. ಹಾಗಾಗದಂತೆ ಒತ್ತಿದ ಗಾಳಿಯನ್ನು ಎಂಜಿನ್ನಿಗೆ ಹೋಗುವ ಮೊದಲು ತಣಿಸುವುದೇ ಇಂಟರ್‌ಕೂಲರ್.

ಮೂಲ ಕಾರಿನಲ್ಲಿ ಇಂಟರ್‌ಕೂಲರ್ ಎಂಜಿನ್ನಿನ ತಲೆಯ ಮೇಲೆ ಕೂತಿರುತ್ತದೆ, ಬಾನೆಟ್ಟಿನ ಗೂಡಿನಿಂದ ಅದಕ್ಕೆ ಗಾಳಿ. ಎಂಜಿನ್ ಬೆನ್ನ ಹಿಂದೆ ಹೋದ ಮೇಲೆ ಆ ಗಾಳಿ ಎಲ್ಲಿ? ಪಕ್ಕದ ಕಿವಿಗಳಿಂದ ದಾರಿ ಮಾಡಿ ಫ್ಯಾನ್ ಹಾಕಿ ಹಳೆಯದನ್ನೇ ಇಟ್ಟುಕೊಳ್ಳುವವರಿದ್ದಾರೆ. ತೀರಾ ಹಿಂದೆ, ಚಕ್ರದ ಪಕ್ಕ ಕೂರಿಸುವವರಿದ್ದಾರೆ. ನಾನು ನೀರಿನದು ಹಾಕಿದೆ: ಎಂಜಿನ್ ಪಕ್ಕ ಒಂದು ಪೆಟ್ಟಿಗೆಯಲ್ಲಿ ಗಾಳಿಯ ಬಿಸಿ ನೀರಿಗೆ ಹೋಗುತ್ತದೆ, ಆ ನೀರು ಪುಟ್ಟ ವಿದ್ಯುತ್ ಪಂಪಿನಿಂದ ಮೂಗಿಗೆ ಹೋಗಿ ಅಲ್ಲಿನ ಪುಟ್ಟ ರೇಡಿಯೇಟರಿನಲ್ಲಿ ತಣಿದು ಬರುತ್ತದೆ.

ಲೆಕ್ಕ ಹಾಕಿದಾಗ ನನಗೇ ಆಶ್ಚರ್ಯವಾಯಿತು. ಈ ಎಂಜಿನ್ ಪೂರ್ತಿ ಉಸಿರೆಳೆದಾಗ ಸೆಕೆಂಡಿಗೆ ಸುಮಾರು 170 ಗ್ರಾಂ ಗಾಳಿ. ಅದನ್ನು 118ರಿಂದ 45 ಡಿಗ್ರಿಗೆ ಇಳಿಸಲು ತೆಗೆಯಬೇಕಾದ ಬಿಸಿ 12ರಿಂದ 13 ಕಿಲೋವಾಟ್ ಮಾತ್ರ, ರೇಡಿಯೇಟರ್ ಹೊರುವುದರ ಎಂಟನೇ ಒಂದು ಭಾಗ. ರಸ್ತೆಯಲ್ಲಿ ಒಮ್ಮೆಗೆ ಎಂಟು ಸೆಕೆಂಡಿಗಿಂತ ಹೆಚ್ಚು ಯಾರೂ ತುಳಿಯುವುದಿಲ್ಲ. ತುಳಿದರೆ ಪೊಲೀಸರು ಬರುತ್ತಾರೆ. ಎಂಟು ಸೆಕೆಂಡಿಗೆ 100 ಕಿಲೋಜೂಲ್. ನಾಲ್ಕು ಲೀಟರ್ ಮಿಶ್ರಣ ಅದನ್ನು ನುಂಗಿ 7 ಡಿಗ್ರಿ ಏರುತ್ತದೆ ಅಷ್ಟೇ, ಮುಂದಿನ ಸಿಗ್ನಲ್ಲಿನೊಳಗೆ ತಣಿಯುತ್ತದೆ. ಟ್ರ್ಯಾಕಿನಲ್ಲಿ ಇಪ್ಪತ್ತು ನಿಮಿಷ ಬಿಡದೆ ಓಡಿಸುವವರಿಗೆ ಈ ಸಾಲ ತೀರುವುದಿಲ್ಲ. ಅವರಿಗೆ ದೊಡ್ಡ ಗಾಳಿ ಇಂಟರ್‌ಕೂಲರೇ ಲೇಸು. ಅದರಲ್ಲಿ ಕೆಡಲು ಪಂಪೂ ಇಲ್ಲ.

ಆ ನೀರಿಗೆ ಬೇರೆ ಪೈಪು ಯಾಕೆ? ಎಂಜಿನ್ ನೀರನ್ನೇ ಕೊಟ್ಟರಾಗದೇ?

ಎಂಜಿನ್ ನೀರು 90 ಡಿಗ್ರಿ. ಅದರಿಂದ ಗಾಳಿಯನ್ನು 45ಕ್ಕೆ ಇಳಿಸುವುದು ಹೇಗೆ? ಎರಡೂ ಬೇರೆ ಬೇರೆಯೇ ಇರಬೇಕು. ಎರಡಕ್ಕೂ ಆಂಟಿಫ್ರೀಜ್ ಹಾಕುವುದನ್ನು ಮಾತ್ರ ಮರೆಯಬೇಡಿ.

ಟರ್ಬೊ ಕಾರನ್ನು ತಕ್ಷಣ ಆಫ್ ಮಾಡಬಾರದಂತೆ?

ಜೋರಾಗಿ ಓಡಿಸಿ ಬಂದಿದ್ದರೆ ಒಂದು ನಿಮಿಷ ಐಡಲ್‌ನಲ್ಲಿ ಬಿಡಿ. ಕೊನೆಯ ಎರಡು ಕಿ.ಮೀ. ಮೆಲ್ಲಗೆ ಬಂದಿದ್ದರೆ ಅದೂ ಬೇಡ. ನಿಮಿಷಕ್ಕೆ ಲಕ್ಷ ಸುತ್ತು ಮೀರಿ ತಿರುಗುವ ಟರ್ಬೊದ ದಂಡ ಎಣ್ಣೆಯ ಪದರದ ಮೇಲೆ ತೇಲುತ್ತಿರುತ್ತದೆ. ಎಂಜಿನ್ ನಿಂತರೆ ಎಣ್ಣೆ ನಿಲ್ಲುತ್ತದೆ, ಟರ್ಬೈನಿನ ಬಿಸಿ ಒಳಗೆ ನುಸುಳಿ ಉಳಿದ ಎಣ್ಣೆಯನ್ನು ಮಸಿ ಮಾಡುತ್ತದೆ.

ಸುಬಾರು ಟರ್ಬೊದಲ್ಲಿ ಎಣ್ಣೆಯ ಜತೆ ನೀರೂ ಹರಿಯುತ್ತದೆ, ಪಂಪು ನಿಂತ ಮೇಲೂ. ಬಿಸಿನೀರು ತಾನೇ ಮೇಲೇರಿ ತೊಟ್ಟಿಗೆ ಹೋಗುತ್ತದೆ, ಅದರ ಜಾಗಕ್ಕೆ ತಣ್ಣೀರು ಬರುತ್ತದೆ. ಹಂಡೆಯ ಬುಡದಲ್ಲಿ ಉರಿ ಹಾಕಿದರೆ ಮೇಲಿನ ನೀರು ಮೊದಲು ಕಾಯುವ ಅದೇ ನಿಯಮ. ಆದರೆ ಟರ್ಬೊದಿಂದ ತೊಟ್ಟಿಯವರೆಗೆ ಪೈಪು ಒಂದೇ ಸಮ ಏರುತ್ತಾ ಹೋಗಬೇಕು. ಕಾಣಲು ಚೆಂದವೆಂದು ನಡುವೆ ಬಗ್ಗಿಸಿ ಇಳಿಸಿದರೆ ಹರಿವು ಅಲ್ಲೇ ಕಟ್ಟಿಕೊಳ್ಳುತ್ತದೆ. ಎಣ್ಣೆ ವಾಪಸು ಬರುವ ಪೈಪಿಗೆ ಇದರ ಉಲ್ಟಾ: ಒಂದೇ ಸಮ ಇಳಿಯಬೇಕು, ದಪ್ಪವಿರಬೇಕು.

ಬೂಸ್ಟ್ ಏರಿಸಿದ್ದೀರಾ?

ಇಲ್ಲ. ಹೊಸ ಇಂಟರ್‌ಕೂಲರ್, ಹೊಸ ಗಾಳಿಕೊಳವೆ ಹಾಕಿದ್ದಕ್ಕೆ ಇಸಿಯು ಮ್ಯಾಪ್ (ಎಷ್ಟು ಗಾಳಿಗೆ ಎಷ್ಟು ಪೆಟ್ರೋಲ್ ಎಂದು ಎಂಜಿನ್ನಿನ ಕಂಪ್ಯೂಟರ್ ನೋಡುವ ಪಟ್ಟಿ) ಮಾತ್ರ ಹೊಸದಾಗಿ ಮಾಡಿಸಿದೆ. ಇದು ಐಚ್ಛಿಕವಲ್ಲ. ಗಾಳಿ ಅಳೆಯುವ ಸೆನ್ಸರ್ ಕೂತ ಕೊಳವೆಯ ಅಗಲ ಬದಲಾದರೆ ಇಸಿಯುವಿನ ಲೆಕ್ಕವೆಲ್ಲ ತಪ್ಪುತ್ತದೆ. ಪೆಟ್ರೋಲ್ ಕಡಿಮೆ ಬಿದ್ದರೆ ನಾಕ್. 900 ಕೆ.ಜಿ.ಯ ಆಸುಪಾಸಿನ ಕಾರಿಗೆ 227 ಅಶ್ವಶಕ್ತಿ ಬೇಕಾದಷ್ಟಾಯಿತು.

ಆಯಿಲ್ ಕೂಲರ್ ಬೇಕೇ?

ರಸ್ತೆಗೆ ಬೇಡ. ಟ್ರ್ಯಾಕಿಗೆ ಬೇಕು, ಥರ್ಮೋಸ್ಟಾಟ್ ಇರುವಂಥದ್ದೇ ಬೇಕು. ಕೂಲರ್ ಕೊಳ್ಳುವ ಮೊದಲು ಎಣ್ಣೆಯ ಉಷ್ಣತೆ ತೋರಿಸುವ ಮೀಟರ್ ಕೊಳ್ಳಿ.

ನೀವು ಮಾಡಿದ ದೊಡ್ಡ ತಪ್ಪು ಯಾವುದು?

ಎರಡಿವೆ, ಸಣ್ಣದು ಮೊದಲು. ಅಲ್ಯೂಮಿನಿಯಂ ಪೈಪಿನ ತುದಿಯಲ್ಲಿ ಉಬ್ಬು ಮಾಡಿಸದೆ, ನುಣುಪು ತುದಿಗೇ ಹೋಸು ತೂರಿಸಿ ಕ್ಲಾಂಪ್ ಬಿಗಿದಿದ್ದೆ. ಬಿಗಿಯಾಗಿಯೇ ಇತ್ತು. ಒತ್ತಡ ಏರಿದಾಗ ಬೆಣ್ಣೆಯಿಂದ ಕೂದಲು ಎಳೆದಂತೆ ಜಾರಿ ಬಂತು, ಮನೆ ಮುಂದಿನ ರಸ್ತೆಗೆಲ್ಲ ನೀಲಿ ಅಭಿಷೇಕ. ಆ ಕೂಲಂಟ್ ಸಿಹಿಯಾಗಿರುತ್ತದೆ, ನಾಯಿ ಬೆಕ್ಕು ನೆಕ್ಕಿದರೆ ಸಾಯುತ್ತವೆ. ಕತ್ತಲಾಗುವ ತನಕ ತೊಳೆದು ಬಳಿದೆ.

ದೊಡ್ಡದು ರೇಡಿಯೇಟರಿನ ಫ್ಯಾನಿನದು. ಗ್ಯಾರೇಜಿನಲ್ಲಿ ಅರ್ಧ ಗಂಟೆ ಓಡಿಸಿದರೂ ನೀರು 95 ಡಿಗ್ರಿ ದಾಟುತ್ತಿರಲಿಲ್ಲ. ಊರೊಳಗೂ ಸರಿ. ಹೆದ್ದಾರಿಗೆ ಹೋದರೆ 104, 106, ಏರುತ್ತಲೇ ಇತ್ತು. ವೇಗ ಹೆಚ್ಚಿದಷ್ಟೂ ತಂಪಾಗಬೇಕಾದ ಕಾರು ವೇಗ ಹೆಚ್ಚಿದಷ್ಟೂ ಕಾಯುತ್ತಿತ್ತು. ಗುಳ್ಳೆ ಎಂದುಕೊಂಡು ಮೂರು ಸಲ ನೀರು ತೆಗೆದು ತುಂಬಿದೆ. ಹೆಡ್ ಗ್ಯಾಸ್ಕೆಟ್ (ಸಿಲಿಂಡರ್ ಹೆಡ್ಡಿಗೂ ಬ್ಲಾಕಿಗೂ ನಡುವಿನ ಸೋರಿಕೆ ತಡೆಯುವ ಪದರ) ಹೋಗಿದೆ ಎಂದು ರಾತ್ರಿ ನಿದ್ದೆಗೆಟ್ಟೆ. ಕೊನೆಗೆ ಹೆಂಡತಿ ಗ್ಯಾರೇಜಿಗೆ ಕಾಫಿ ತಂದಾಗ ಕಾರಿನ ಮೂಗಿನ ಮುಂದೆ ನಿಂತು, ‘ಏನ್ರೀ, ಬಿಸಿಗಾಳಿ ನನ್ನ ಕಾಲಿಗೆ ಬಡೀತಿದೆ’ ಅಂದಳು. ಒಂದು ಟಿಶ್ಯೂ ಕಾಗದ ಹಿಡಿದು ನೋಡಿದೆ, ಹಾರಿ ಹೊರಗೆ ಬಿತ್ತು. ಫ್ಯಾನಿನ ಎರಡು ತಂತಿ ಅದಲುಬದಲಾಗಿ ಅದು ಉಲ್ಟಾ ತಿರುಗುತ್ತಿತ್ತು. ನಿಂತಾಗ ಗಾಳಿ ಯಾವ ಕಡೆ ಹೋದರೂ ರೇಡಿಯೇಟರ್ ತಣಿಯುತ್ತದೆ. ಓಡುವಾಗ ಎದುರಿನಿಂದ ನುಗ್ಗುವ ಆ 47 ಮಿ.ಮೀ. ಗಾಳಿಯನ್ನು ನಾನೇ ಫ್ಯಾನಿಟ್ಟು ತಳ್ಳಿ ಹೊರಗಟ್ಟುತ್ತಿದ್ದೆ. ತಂತಿ ಬದಲಿಸಲು ಎರಡು ನಿಮಿಷ ಹಿಡಿಯಿತು.

ಬೆಂಕಿಯ ಭಯವಿಲ್ಲವೇ?

ಇದೆ. ಬೆನ್ನ ಹಿಂದೆ ಕೆಂಪಗೆ ಕಾಯುವ ಟರ್ಬೊ, ಅದರ ಹತ್ತಿರದಲ್ಲೇ ಪೆಟ್ರೋಲ್ ಪೈಪು, ಸುತ್ತ ಉರಿಯಬಲ್ಲ ಹೊರಮೈ. ಟರ್ಬೊಗೆ ಶಾಖತಡೆ ಹೊದಿಕೆ, ಪೈಪುಗಳಿಗೆ ತೋಳು, ಹಿಂದಿನ ಮುಚ್ಚಳದಲ್ಲಿ ಬಿಸಿ ಮೇಲೆದ್ದು ಹೋಗಲು ಕಂಡಿಗಳು. ಅಗ್ನಿಶಾಮಕ ಡಬ್ಬಿ ಸೀಟಿನ ಕೈಯಳತೆಯಲ್ಲಿದೆ, ಹಿಂದಿನ ಡಿಕ್ಕಿಯಲ್ಲಲ್ಲ.

ಇದನ್ನು ರಸ್ತೆಗೆ ಬಿಡುತ್ತಾರಾ? ಬೆಂಗಳೂರಿನಲ್ಲಿ ಕಟ್ಟಬಹುದಾ?

ಅಮೆರಿಕದಲ್ಲಿ ರಾಜ್ಯಕ್ಕೊಂದು ನಿಯಮ. ಮಿಷಿಗನ್‌ನಲ್ಲಿ ಜೋಡಿಸಿದ ವಾಹನ ಎಂದು ನೋಂದಣಿಯಾಗುತ್ತದೆ, ಬಿಡಿಭಾಗಗಳ ರಸೀದಿಗಳನ್ನೆಲ್ಲ ಇಟ್ಟುಕೊಂಡಿರಬೇಕು. ಕ್ಯಾಲಿಫೋರ್ನಿಯಾದಲ್ಲಿ ಇಂಥ ಕಾರುಗಳಿಗೆ ಹೊಗೆ ನಿಯಮದ ವಿನಾಯಿತಿ ವರ್ಷಕ್ಕೆ ಮೊದಲ 500ಕ್ಕೆ ಮಾತ್ರ. ಬ್ರಿಟನ್ನಿನಲ್ಲಿ ಐವಿಎ ಎಂಬ ಪರೀಕ್ಷೆಯಿದೆ. ಹೊರಮೈಯಲ್ಲಿ ತಾಗುವ ಅಂಚಿಗೆ 2.5 ಮಿ.ಮೀ. ದುಂಡು ಇದೆಯೇ ಎಂದೂ ಅಳೆದು ನೋಡುತ್ತಾರೆ.

ಕರ್ನಾಟಕದಲ್ಲಿ ಇಂಥದ್ದನ್ನು ಕಟ್ಟಿ ಆರ್‌ಟಿಒ ಕಚೇರಿಗೆ ಒಯ್ದರೆ ಕೆಲಸವಾಗುವುದಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಯಾರಕರು ಕೊಟ್ಟ ಮೂಲ ವಿವರಕ್ಕೆ ವ್ಯತಿರಿಕ್ತವಾದ ಮಾರ್ಪಾಡನ್ನು ಒಪ್ಪುವುದಿಲ್ಲ. 2019ರ ಜನವರಿಯಲ್ಲಿ ಕೇರಳದಿಂದ ಬಂದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿಯಿತು. ಹೊಸ ವಾಹನವೆಂದೇ ಹೋಗುವುದಾದರೆ ಪುಣೆಯ ಎಆರ್‌ಎಐನಂಥ ಸಂಸ್ಥೆಯಲ್ಲಿ ಮಾದರಿ ಪರೀಕ್ಷೆ ಆಗಬೇಕು, ಅದು ಒಂಟಿ ಕಾರು ಕಟ್ಟುವವನ ಕಿಸೆಗೆ ನಿಲುಕುವ ಮಾತಲ್ಲ. ಊರಿನಲ್ಲಿ ಈ ಹುಚ್ಚು ಹತ್ತಿದ ಹುಡುಗರು ಹುಡುಗಿಯರಿಗೆ ನಾನು ಹೇಳುವುದು, ವಿದ್ಯಾರ್ಥಿಗಳೇ ರೇಸ್ ಕಾರು ಕಟ್ಟುವ ಕಾಲೇಜಿನ ಫಾರ್ಮುಲಾ ತಂಡ ಸೇರಿ ಎಂದು. ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಯಲ್ಲಿ ಓಡಿಸಲು ನಂಬರ್ ಪ್ಲೇಟು ಬೇಡ. ನಾನು ಕುಂಕುಮದ ನೀರಿನಲ್ಲಿ ಕಲಿತದ್ದನ್ನು ಅವರು ಎರಡನೇ ಸೆಮಿಸ್ಟರಿನಲ್ಲೇ ಕಲಿತಿರುತ್ತಾರೆ.

ಎಷ್ಟು ಖರ್ಚಾಯಿತು?

ಕಿಟ್ಟಿಗೂ ಡೋನರಿಗೂ ಸೇರಿ ಕೊಟ್ಟಷ್ಟೇ ದುಡ್ಡು ಆಮೇಲೆ ಮತ್ತೊಮ್ಮೆ ಹೋಯಿತು, ಬಹುಪಾಲು ಹತ್ತು ಇಪ್ಪತ್ತು ಡಾಲರಿನ ಫಿಟ್ಟಿಂಗುಗಳಲ್ಲಿ. ಪೂರ್ತಿ ಮೊತ್ತ ಮನೆಯಲ್ಲೂ ಹೇಳಿಲ್ಲ, ಇಲ್ಲಿ ಬರೆದರೆ ಓದುತ್ತಾರೆ.

ಚಳಿಗಾಲದಲ್ಲಿ ಏನು ಮಾಡುತ್ತೀರಿ?

ಇಲ್ಲಿ ರಸ್ತೆಗೆ ಉಪ್ಪು ಸುರಿಯುವ ಮೊದಲು ಕಾರು ಒಳಗೆ ಬರುತ್ತದೆ. ರಿಫ್ರಾಕ್ಟೋಮೀಟರಿಗೆ ಎರಡೂ ವ್ಯವಸ್ಥೆಗಳಿಂದ ಒಂದೊಂದು ಹನಿ ಕೂಲಂಟ್ ಹಾಕಿ ಎಷ್ಟು ಚಳಿ ತಡೆಯುತ್ತದೆಂದು ನೋಡುತ್ತೇನೆ. ಕಳೆದ ಸಲ ಎಂಜಿನ್ನಿನದು ಮೈನಸ್ 36 ತೋರಿಸಿತು, ಇಂಟರ್‌ಕೂಲರಿನದು ಮೈನಸ್ 12. ಬೇಸಿಗೆಯಲ್ಲಿ ಅದಕ್ಕೆ ಆಗಾಗ ಬರೀ ನೀರು ಸುರಿದದ್ದು ನಾನೇ. ಅವತ್ತೇ ಖಾಲಿ ಮಾಡಿ ತುಂಬಿದೆ. ಬ್ಯಾಟರಿ ಕಳಚಿ ಚಾರ್ಜರಿಗೆ ಹಾಕಿ, ಎಕ್ಸಾಸ್ಟ್ ಬಾಯಿಗೆ ಇಲಿ ಹೋಗದಂತೆ ಉಕ್ಕಿನ ನಾರು ತುರುಕುತ್ತೇನೆ. ವಸಂತದಲ್ಲಿ ಸ್ಟಾರ್ಟ್ ಮಾಡುವ ಮೊದಲು ಅದನ್ನು ತೆಗೆಯಬೇಕೆಂದು ಸ್ಟೀರಿಂಗಿಗೆ ಒಂದು ಚೀಟಿ ಕಟ್ಟಿದ್ದೇನೆ, ಮಗಳ ಅಕ್ಷರದಲ್ಲಿ.